ನಾಲ್ಕು ದಾರಿ ಕೂಡುವಲ್ಲಿ ಯಾರು ಮೊದಲು

ವಾಸಿಲ್‌ನ ಕಣ್ಣು ಮಂಜಾಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ವಾಸಿಲ್ ಒಬ್ಬನನ್ನು ಬಿಟ್ಟು. ಅವನಿಗೂ ಗೊತ್ತಿತ್ತೋ ಏನೋ, ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಕೆನಡಾದ ಸಸ್ಕಾಚೆವಾನ್‌ನ ಗೋಧಿ ಬಯಲಿನಲ್ಲಿ ನಲವತ್ತೈದು ವರ್ಷ ಗಾಡಿ ಓಡಿಸಿದವನು, ಒಂದು ದಿನವೂ ದಂಡ ಕಟ್ಟಿದವನಲ್ಲ. ಅವನ ಹೆಂಡತಿ ಯೂಸ್ತಿನಾ ಪಕ್ಕದಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಬಾಯಿ ಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಹೇಳಿದರೆ ಅವನು ಸಿಟ್ಟಿನಿಂದ ಇನ್ನೂ ಜೋರಾಗಿ ಓಡಿಸುತ್ತಾನೆ ಎಂಬ ಭಯ.

ಮೇ ತಿಂಗಳ ಒಂದು ಬುಧವಾರ ಯೂಸ್ತಿನಾ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರ ಜೊತೆ ಆಲೂಗಡ್ಡೆಯ ಪಿರೋಗಿ ಕಡುಬು ಮಾಡಲು ಹೋಗಿದ್ದಳು. ಸಂಜೆ ಪಕ್ಕದ ಹೊಲದ ವೆರ್ನಾಳ ಕಾರಿನಲ್ಲಿ ಮರಳಿ ಬಂದರೆ, ರಸ್ತೆಯಂಚಿನಲ್ಲಿ ವೆರ್ನಾಳ ಮನೆಯ ಅಂಚೆ ಪೆಟ್ಟಿಗೆ ಕಂಬ ಸಮೇತ ಮಲಗಿದೆ. ಪಕ್ಕದಲ್ಲಿ ವಾಸಿಲ್‌ನ ಪಿಕಪ್, ಅದರ ಪಕ್ಕದಲ್ಲಿ ವಾಸಿಲ್.

“ಇದನ್ನ ಯಾರೋ ಸರಿಸಿದ್ದಾರೆ,” ಎಂದ.

ಕುಣಿಯಲಾರದವರಿಗೆ ನೆಲ ಡೊಂಕು. ಆದರೆ ವೆರ್ನಾ ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು, ಅವಳ ದನಿಯೂ ಬಸ್ಸಿನ ಹಾರ್ನಿನದೇ. “ಹೌದಪ್ಪಾ, ಅದಕ್ಕೆ ಕಾಲು ಬಂತು! ನಾಳೆ ಇದೇ ಜಾಗದಲ್ಲಿ ನನ್ನ ಬಸ್ಸಿಂದ ಇಳಿದ ಮಗು ನಿಂತಿರತ್ತೆ ವಾಸಿಲ್. ಆಗಲೂ ಯಾರೋ ಸರಿಸಿದ್ರು ಅಂತೀಯಾ?”

ವಾಸಿಲ್ ಕೆಂಪಗಾದ. “ಸರಿ ಹಾಗಾದ್ರೆ. ಯೂಸ್ತಿನಾ ಲೈಸೆನ್ಸಿನ ಪುಸ್ತಕದ ಪರೀಕ್ಷೆ ಪಾಸು ಮಾಡ್ಲಿ. ಅವತ್ತೇ ಕೀಲಿ ಅವಳ ಕೈಗೆ. ಆಮೇಲೆ ನಾನು ಸ್ಟೀರಿಂಗ್ ಮುಟ್ಟಿದ್ರೆ ಕೇಳು.”

ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ಎಂಟನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ಅರವತ್ತನಾಲ್ಕರಲ್ಲಿ ಪರೀಕ್ಷೆ ಬರೆಯುತ್ತಾಳೆಯೇ? ಆದರೆ ವಾಸಿಲ್ ಎಂಥ ಹಟಮಾರಿಯಾದರೂ ಆಡಿದ ಮಾತಿಗೆ ತಪ್ಪುವವನಲ್ಲ. ಯೂಸ್ತಿನಾ ಆ ಮಾತನ್ನು ಅಲ್ಲೇ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಹದಿಮೂರನೇ ವಯಸ್ಸಿನಿಂದ ಹೊಲದೊಳಗೆ ಧಾನ್ಯದ ಲಾರಿ ಓಡಿಸಿದವಳು ಅವಳು. ಅವಳಿಗೆ ಹೆದರಿಕೆ ಇದ್ದದ್ದು ಗಾಡಿಯದಲ್ಲ, ಪ್ರಶ್ನೆಗಳದು.

ಊಟವಾದ ಮೇಲೆ ಅವಳು ನಿಯಮದ ಪುಸ್ತಕವನ್ನು ಗಟ್ಟಿಯಾಗಿ ಓದುವಳು. ಗುರುವಿನ ಪೀಠ ವಾಸಿಲ್ ತಾನೇ ಹತ್ತಿ ಕೂತ.

“ಜಲ್ಲಿ ರಸ್ತೆಯಲ್ಲಿ ಗಾಡಿ ಯಾವ ಕಡೆ ಇರಬೇಕು?”

“ನಟ್ಟನಡುವೆ. ಅಂಚಿಗೆ ಹೋದ್ರೆ ಚಕ್ರ ಹೂತುಹೋಗತ್ತೆ.”

“ಪುಸ್ತಕದಲ್ಲಿ ಎಲ್ಲ ರಸ್ತೆಗೂ ಬಲಗಡೆ ಅಂತಿದೆ.”

“ಪುಸ್ತಕ ಬರೆದವನು ನಮ್ಮ ರಸ್ತೆಗೆ ಬಂದಿದ್ನೇನೆ? ಮುಂದಿಂದು ಓದು ಮಾರಾಯ್ತಿ.”

ಮುಂದಿನದು ನಾಲ್ಕು ದಾರಿ ಕೂಡುವ ಜಾಗದ್ದು. ಊರಿನಲ್ಲಿ ಅಂಥದ್ದು ಒಂದೇ ಒಂದು ಇದೆ, ನಾಲ್ಕೂ ಕಡೆ ನಿಲ್ಲಬೇಕೆಂಬ ಕೆಂಪು ಬೋರ್ಡು. ಅಲ್ಲಿ ಇಬ್ಬರು ಎದುರಾದರೆ ಇಬ್ಬರೂ ಕೈ ಬೀಸುತ್ತಾರೆ, ನೀನು ಹೋಗು ಅಂತ. ಇವನು ನೀನು ಹೋಗು, ಅವನು ನೀನು ಹೋಗು. ಎರಡು ಮೂರು ಸಲವಾದರೂ ಕೈ ಬೀಸದೆ ಹೋದವನನ್ನು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಿದವನನ್ನು ನೋಡುವ ಹಾಗೆ ನೋಡುತ್ತಾರೆ.

“ಯಾರು ಮೊದಲು ಹೋಗಬೇಕು ಅಂತ ಕೇಳಿದ್ದಾರೆ,” ಎಂದಳು ಯೂಸ್ತಿನಾ.

“ಆ ಕಡೆಯವನು! ಅದೂ ಗೊತ್ತಿಲ್ವಾ? ಮನುಷ್ಯ ಅಂದ್ಮೇಲೆ ಮರ್ಯಾದೆ ಬೇಡ್ವಾ?”

ಇಷ್ಟು ವರ್ಷ ಕಣ್ಣಾರೆ ಕಂಡದ್ದೂ ಅದೇ. ಯೂಸ್ತಿನಾ ತಲೆಯಾಡಿಸಿದಳು.

ಪಕ್ಕದ ಪಟ್ಟಣದ ಲೈಸೆನ್ಸ್ ಕಚೇರಿಯಲ್ಲಿ ಪರದೆ ಮೇಲೆ ಇಪ್ಪತ್ತೈದು ಪ್ರಶ್ನೆ, ಇಪ್ಪತ್ತು ಸರಿಯಾಗಬೇಕು. ಸರಿಯಾದದ್ದು ಹದಿನೈದು. ತಪ್ಪಿದ ಹತ್ತನ್ನೂ ಕಚೇರಿಯ ಹುಡುಗಿ ತೋರಿಸಿದಾಗ ಯೂಸ್ತಿನಾಳಿಗೆ ತಲೆ ಎತ್ತಲಾಗಲಿಲ್ಲ. ಮೊದಲು ಬಂದು ನಿಂತಲ್ಲೆಲ್ಲ ಅವಳು ದಾರಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು. ಜಲ್ಲಿ ರಸ್ತೆಯ ನಟ್ಟನಡುವೆ ಓಡಿಸಿದ್ದಳು.

ಮನೆಗೆ ಬಂದು ಹೇಳಿದರೆ ವಾಸಿಲ್, “ಹೋಗ್ಲಿ ಬಿಡು, ಆ ಸರ್ಕಾರದವರಿಗೆ ಮರ್ಯಾದೆ ಇಲ್ಲ,” ಎಂದು ಬೀಟ್‌ರೂಟ್ ಸಾರು ಬಿಸಿಗಿಟ್ಟ. ಇಡುತ್ತ ಸಣ್ಣಗೆ ಶಿಳ್ಳೆ ಹೊಡೆದ. ಅದನ್ನು ಕೇಳಿ ಯೂಸ್ತಿನಾಳಿಗೆ ಮೈಯೆಲ್ಲ ಉರಿಯಿತು.

“ಬೇಕಂತಲೇ ತಪ್ಪು ಹೇಳಿಕೊಟ್ಟೆ, ಅಲ್ವಾ?”

“ಏ, ದೇವರಾಣೆ ಇಲ್ಲ ಕಣೇ!”

ಆಣೆ ನಿಜವೇ ಇರಬೇಕು. ಆದರೂ ಅವತ್ತಿನಿಂದ ಅವಳು ಪುಸ್ತಕವನ್ನು ಅವನ ಮುಂದೆ ಬಿಡಿಸಲಿಲ್ಲ.

ಮುಂದಿನ ಬುಧವಾರ ಚರ್ಚಿನಲ್ಲಿ ಸುದ್ದಿ ಕೇಳಿದ ವೆರ್ನಾ ಪಿರೋಗಿ ಮೇಜನ್ನೇ ನಾಲ್ಕು ದಾರಿ ಮಾಡಿದಳು. ನಾಲ್ಕು ಕಡೆ ನಾಲ್ಕು ಹೆಂಗಸರು, ನಡುವೆ ಒಂದು ತಟ್ಟೆ. ಯಾರ ಕಡುಬು ಮೊದಲು ಮುಗಿಯಿತೋ ಅವರು ಮೊದಲು ತಟ್ಟೆಗೆ ಹಾಕಬೇಕು. ಇಬ್ಬರದು ಒಟ್ಟಿಗೆ ಮುಗಿದರೆ ಬಲಗಡೆಯವಳದು ಮೊದಲು.

ಯೂಸ್ತಿನಾಳದೂ ಅವಳ ಎಡಗಡೆಯವಳದೂ ಒಟ್ಟಿಗೆ ಮುಗಿಯಿತು. “ನೀನು ಹಾಕು,” ಎಂದಳು ಯೂಸ್ತಿನಾ.

“ಅಯ್ಯೋ, ನೀನೇ ಹಾಕಮ್ಮ,” ಎಂದಳು ಎಡಗಡೆಯವಳು.

ವೆರ್ನಾ ಸೌಟಿನಿಂದ ಮೇಜು ಕುಟ್ಟಿದಳು. “ಹಿಂದೆ ಹತ್ತು ಗಾಡಿ ನಿಂತಿವೆ! ಬಲಗಡೆ ಯಾರಿದ್ದಾರೆ?”

“ನಾನು,” ಎಂದಳು ಯೂಸ್ತಿನಾ.

“ಮತ್ತೆ ಹಾಕು! ನಿನ್ನ ಸರದಿ ನೀನು ತಗೊಂಡ್ರೆ ಅದು ದುರಾಸೆ ಅಲ್ಲ ಕಣೇ. ನೀನು ಏನು ಮಾಡ್ತೀಯ ಅಂತ ಎದುರಿನವನಿಗೆ ಗೊತ್ತಾಗಬೇಕು. ಗೊತ್ತಾದ್ರೇನೇ ಮಕ್ಕಳು ಮನೆ ಸೇರೋದು.”

ನಾಲ್ಕು ಬುಧವಾರ ಹೀಗೆ ನಡೆಯಿತು. ಆ ತಿಂಗಳು ಕಡುಬು ಸ್ವಲ್ಪ ದಪ್ಪವಾಗಿದ್ದವು, ಯಾರೂ ದೂರಲಿಲ್ಲ.

ಎರಡನೇ ಸಲ ವೆರ್ನಾಳೇ ಅವಳನ್ನು ಕರೆದೊಯ್ದಳು. ಹತ್ತೊಂಬತ್ತನೇ ಪ್ರಶ್ನೆಗೆ ಅದೇ ಚಿತ್ರ ಬಂತು. ನಾಲ್ಕು ದಾರಿಯಲ್ಲಿ ನೀವೂ ನಿಮ್ಮ ಎಡಗಡೆಯ ಗಾಡಿಯೂ ಒಟ್ಟಿಗೆ ಬಂದು ನಿಂತಿದ್ದೀರಿ, ಯಾರು ಮೊದಲು? ಯೂಸ್ತಿನಾಳ ಬೆರಳು ಹಳೇ ಅಭ್ಯಾಸಕ್ಕೆ ಎಡಗಡೆಯವನ ಕಡೆಗೇ ಹೊರಟಿತು. ಮದುವೆಯಾದಾಗಿನಿಂದ ಎಲ್ಲರಿಗೂ ಬಡಿಸಿ ಕೊನೆಗೆ ಉಂಡ ಕೈ ಅದು. ಸೌಟಿನ ಸದ್ದು ನೆನಪಾಯಿತು. ಕಣ್ಣು ಮುಚ್ಚಿ ‘ನೀವು’ ಎಂಬುದನ್ನು ಒತ್ತಿದಳು.

ಇಪ್ಪತ್ತಮೂರು ಸರಿ. ಕಚೇರಿಯ ಹುಡುಗಿ ಕಲಿಯುವವರ ಲೈಸೆನ್ಸ್ ಕೈಗಿಟ್ಟು, ಇನ್ನು ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡು ಓಡಿಸಬಹುದು ಎಂದಳು. ಹೊರಗೆ ಬಂದ ಯೂಸ್ತಿನಾ ವೆರ್ನಾಳ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಎದೆಯ ಮೇಲಿನ ಬಂಡೆ ಇಳಿದಿತ್ತು, ಅಳದೆ ಏನು ಮಾಡುವುದು?

ಮನೆಯ ಗೇಟಿನಲ್ಲೇ ವಾಸಿಲ್ ನಿಂತಿದ್ದ. ಅವಳು ಕಾಗದ ತೋರಿಸಿದಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಏನೂ ಕಾಣಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

ಅವತ್ತೇ ಮೂವರೂ ಪಿಕಪ್‌ನಲ್ಲಿ ಊರಿಗೆ ಹೊರಟರು. ಯೂಸ್ತಿನಾ ಸ್ಟೀರಿಂಗ್ ಹಿಡಿದಿದ್ದಳು, ನಡುವೆ ವೆರ್ನಾ, ಕಿಟಕಿಗೆ ವಾಸಿಲ್. ನಾಲ್ಕು ದಾರಿಯಲ್ಲಿ ಯೂಸ್ತಿನಾ ಮೊದಲು ಬಂದು ನಿಂತಳು. ಆಮೇಲೆ ಬಂದ ಎದುರಿನ ಟ್ರ್ಯಾಕ್ಟರಿನವನು ಕೈ ಬೀಸಿದ. ಅವಳೂ ಒಂದು ಬೆರಳೆತ್ತಿ ನಮಸ್ಕಾರ ಹೇಳಿ ತನ್ನ ಸರದಿಗೆ ಮುಂದೆ ಹೋದಳು.

“ಈ ಬೋರ್ಡು ಬಂತು ಅಂತ ನಂಗೆ ಹೇಗೆ ಗೊತ್ತಾಗ್ತಿತ್ತು, ಹೇಳು?” ಎಂದ ವಾಸಿಲ್, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

“ಹೇಗೆ?”

“ನೀನು ಉಸಿರು ಬಿಗಿ ಹಿಡೀತಿದ್ದೆ. ಆಗ ನಾನು ಬ್ರೇಕ್ ಒತ್ತುತ್ತಿದ್ದೆ. ಎರಡು ಚಳಿಗಾಲದಿಂದ ಹಾಗೇ ನಡೀತಿತ್ತು. ಆ ಪೆಟ್ಟಿಗೆ ಬಿದ್ದ ದಿನ ಪಕ್ಕದಲ್ಲಿ ನೀನಿರಲಿಲ್ಲ.”

ವೆರ್ನಾ ದೇವರೇ ಎಂದು ಶಿಲುಬೆಯ ಗುರುತು ಮಾಡಿಕೊಂಡಳು. ಯೂಸ್ತಿನಾ ಗಾಡಿಯನ್ನು ರಸ್ತೆಯ ಬಲಕ್ಕೆ ತಂದು, ಪುಸ್ತಕದಲ್ಲಿ ಹೇಳಿದ ಹಾಗೆ ನಿಲ್ಲಿಸಿದಳು. ಗಂಡನ ಕಡೆ ನೋಡಿದಳು. ಅವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಹೊತ್ತ ಮೂಟೆ ಇಳಿಸಿದ ಆಳಿನ ಹಾಗೆ ಸೀಟಿಗೊರಗಿ ಕಾಲು ಚಾಚಿದ್ದ.

“ಹೇಳಬಾರದಿತ್ತಾ ಮಾರಾಯಾ?”

“ನೀನು ಹೇಳಬಾರದಿತ್ತಾ?”

ಅವಳು ಕಣ್ಣೊರೆಸಿಕೊಂಡು ಗಾಡಿ ಹೊರಡಿಸಿದಳು. “ಸರಿ. ಇನ್ಮೇಲೆ ನಾನು ಆರಾಮಾಗಿ ಉಸಿರಾಡ್ತೀನಿ. ನೀನು ಮಲಗು.”

ಊರು ತಲುಪುವುದರೊಳಗೆ ಅವನು ಗೊರಕೆ ಹೊಡೆಯುತ್ತಿದ್ದ.