ಮುನಿತಾಯಮ್ಮ ತೊಳೆದಿಟ್ಟ ಬಾಟಲಿ

ಬೆಳಗಿನ ಐದು ಗಂಟೆ. ಆವತಿ ಸಮೀಪದ ಸರ್ಕಾರಿ ವಸತಿ ಶಾಲೆಯ ಅಡುಗೆಮನೆಯಲ್ಲಿ ಹದಿನಾರು ಕೆ.ಜಿ. ರವೆ ಹುರಿಯುತ್ತಿರುವ ಮುನಿತಾಯಮ್ಮ ತಲೆ ಎತ್ತದೆಯೇ ಗದರುತ್ತಾರೆ: "ಲೇ ಅಸೆನ್ಲಾ, ಕರಿಬೇವು ಬಿಡಿಸು ಅಂದ್ರೆ ಕಡ್ಲೆಬೀಜ ಖಾಲಿ ಮಾಡ್ತಿದ್ದೀಯಾ?"

"ಒಂದೇ ಹಿಡಿ ಅಕ್ಕಾ!" ಎನ್ನುತ್ತಾಳೆ ಹುಡುಗಿ, ಬಾಯಿ ತುಂಬ ಬೀಜ.

ಅಸೆನ್ಲಾ ನಾಗಾಲ್ಯಾಂಡಿನವಳು; ಈ ಕನ್ನಡ ಅಡುಗೆಮನೆಯಲ್ಲೇ ಕಲಿತದ್ದು. ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ರಾಜ್ಯದಲ್ಲಿ ಓದಿಸುವ ಸರ್ಕಾರಿ ವಿನಿಮಯ ಯೋಜನೆಯಲ್ಲಿ ಜೂನ್‌ನಲ್ಲಿ ಬಂದ ಹನ್ನೆರಡು ಮಂದಿಯಲ್ಲಿ ಒಬ್ಬಳು. ಇಲ್ಲಿಂದಲೂ ಅಷ್ಟೇ ಮಕ್ಕಳು ಅಲ್ಲಿಗೆ ಹೋಗಿದ್ದಾರೆ.

ಐವತ್ತೆರಡರ ಮುನಿತಾಯಮ್ಮ ಇಲ್ಲಿಗೆ ಸೇರಿದ್ದು ದೇವನಹಳ್ಳಿಗೆ ವಿಮಾನ ಬಂದ ವರ್ಷ. ಗಂಡ ತೀರಿಕೊಂಡು ಆಗ ಆರು ತಿಂಗಳು. ಇಷ್ಟು ವರ್ಷವಾದರೂ ಕೆಲಸ ಖಾಯಂ ಆಗಿಲ್ಲ. ಮೂರು ಹೊತ್ತೂ ಇನ್ನೂರ ಹತ್ತು ತಟ್ಟೆ. ಕೈಗೆ ಇಬ್ಬರು ಸಹಾಯಕಿಯರು.

ಜುಲೈನಲ್ಲಿ ಅವರಿಂದ ಒಂದು ತಪ್ಪಾಯಿತು. ಹುಡುಗಿಯರ ಕೋಣೆ ಗುಡಿಸಲು ಹೋದಾಗ ಅಸೆನ್ಲಾಳ ಟ್ರಂಕಿನ ಪಕ್ಕ ಒಂದು ಬಾಟಲಿ ಕಂಡಿತು. ಮುಚ್ಚಳ ತೆಗೆದರೆ ಮೂಗು ಹಿಡಿಯುವಂಥ ಹುಳಿ ನಾತ. "ಪಾಪ, ಕೊಳ್ತೋಗಿದೆ ಅಂದ್ಕೊಂಡು ತಿಪ್ಪೆಗೆ ಸುರಿದ್ಬಿಟ್ಟೆ. ಬಾಟ್ಲಿ ತೊಳೆದು ಅಲ್ಲೇ ಇಟ್ಟೆ, ಒಳ್ಳೇ ಕೆಲ್ಸ ಮಾಡ್ದೆ ಅಂತ!"

ಅದು ಹುಡುಗಿಯ ಅಮ್ಮ ಹುಳಿ ಬರಿಸಿ ಕಟ್ಟಿಕೊಟ್ಟಿದ್ದ ಎಳೆ ಬಿದಿರು, ವರ್ಷಕ್ಕಾಗುವಷ್ಟು. ಅಸೆನ್ಲಾ ಎರಡು ದಿನ ಊಟ ಮುಟ್ಟಲಿಲ್ಲ. ಊರಿಗೆ ಕಳಿಸಿ ಎಂದು ಹಟ ಹಿಡಿದಳು. ವಾರ್ಡನ್ ಟಿಕೆಟ್ ವಿಚಾರಿಸತೊಡಗಿದರು.

ಮೂರನೇ ದಿನ ತಿಂಡಿ ಮುಗಿಸಿದ್ದೇ ಮುನಿತಾಯಮ್ಮ ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಬೈರೇಶನ ಆಟೊ ಹತ್ತಿದರು. ವಿಮಾನ ನಿಲ್ದಾಣದ ರಸ್ತೆಯ ಟೀ ಅಂಗಡಿಯಲ್ಲಿ ನಾಗಾಲ್ಯಾಂಡ್ ಕಡೆಯ ಸೆಕ್ಯೂರಿಟಿಯವರು ಸೇರುತ್ತಾರೆಂದು ಅವನೇ ಹೇಳಿದ್ದ.

"ಅದರ ಹೆಸ್ರು ನಂಗೆಲ್ಲಿ ಬರ್ಬೇಕು? ಸುಮ್ನೆ ಬಾಟ್ಲಿ ಚಾಚ್ದೆ. ಮೂರು ಸಲ ತೊಳ್ದಿದ್ರೂ ವಾಸ್ನೆ ಹೋಗಿರ್ಲಿಲ್ಲ, ಅದೇ ಕಾಪಾಡ್ತು. ಒಬ್ಬ ಮೂಸಿ ನೋಡಿ ನಗೋಕೆ ಶುರು ಮಾಡ್ದ. ರೂಮಿಗೆ ಕರ್ಕೊಂಡೋಗಿ ಅರ್ಧ ಬಾಟ್ಲಿ ತುಂಬಿಸ್ಕೊಟ್ಟ. ಕಾಸೂ ಮುಟ್ಟಲಿಲ್ಲ."

ಭಾನುವಾರ ಒಲೆ ಅಸೆನ್ಲಾಳ ವಶವಾಯಿತು. ಆಲೂಗೆಡ್ಡೆ, ಹಸಿಮೆಣಸಿನಕಾಯಿ, ಬಿದಿರು. "ಅಕ್ಕ ಮೂಗು ಮುಚ್ಕೊಂಡು ತಿಂದ್ರು," ಎಂದು ಹುಡುಗಿ ಚಾಡಿ ಹೇಳುತ್ತಾಳೆ.

"ಮೊದ್ಲ ತುತ್ತು ಮಾತ್ರ! ಆಮೇಲೆ ಎರಡು ಸಲ ಬಡಿಸ್ಕೊಂಡಿದ್ದನ್ನ ಯಾಕ್ ಹೇಳಲ್ಲ ನೀನು?"

ಟಿಕೆಟ್ ಮಾತು ಅಲ್ಲಿಗೆ ನಿಂತಿತು. ಈಗ ತಿಂಗಳಿಗೊಂದು ಭಾನುವಾರ ಅಡುಗೆಮನೆ ಆ ಹನ್ನೆರಡು ಮಕ್ಕಳದು.

ಸರ್ಕಾರದಿಂದ ಏನಾಗಬೇಕು ಎಂದು ನಾವು ಕೇಳಿದರೆ ಮುನಿತಾಯಮ್ಮ ಸೌಟು ನಿಲ್ಲಿಸಿ ಯೋಚಿಸುತ್ತಾರೆ. ಕೆಲಸ ಖಾಯಮಾತಿಯ ಮಾತು ಬರಬಹುದೆಂದು ಕಾದರೆ ಬರುವುದು ಬೇರೆಯೇ.

"ಮಕ್ಳು ಬರೋಕ್ ಮುಂಚೆ ಒಂದು ಫಾರಂ ಬರ್ತದೆ ಸಾರ್. ಹೆಸ್ರು, ಎತ್ತರ, ರಕ್ತ ಯಾವ್ದು, ಎಲ್ಲಾ ಇರ್ತದೆ. ಮನೇಲಿ ಏನ್ ತಿಂತಿದ್ರು ಅಂತ ಕೇಳೋಕೆ ಒಂದು ಗೆರೆ ಜಾಗ ಇಲ್ಲ. ಅದೊಂದು ಹಾಕ್ಸಿಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."