ಹಿತ್ತಲ ಮೊಳೆಯ ಬೋಗಾಣಿ

ಆಗ ನಮ್ಮ ರಾಯಬಾಗ ಕಡೆ ಕಬ್ಬು ಕಡಿಯುವ ಕಾಲ ಬಂತೆಂದರೆ ಥಂಡಿಯೂ ಬಂತೆಂದೇ ಲೆಕ್ಕ. ಊರ ತುಂಬ ಬೆಲ್ಲದ ವಾಸನೆ. ಸ್ವೆಟರ್ ಹಾಕಿಕೊಂಡು ಹಿತ್ತಲ ಒಲೆಯ ಮುಂದೆ ಕೂತರೆ ನಮ್ಮನ್ನು ಎಬ್ಬಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕೋಳಿ ಬೇಯುತ್ತಿದ್ದದ್ದು ಆ ಹಿತ್ತಲ ಒಲೆಯ ಮೇಲೆ ಮಾತ್ರ. ಅದಕ್ಕೊಂದು ಬೇರೆ ಪಾತ್ರೆ, ಅಗಲ ಬಾಯಿಯ ಬೋಗಾಣಿ. ಅದು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಹೊರಗೋಡೆಯ ಮೊಳೆಗೇ ಅದರ ಬಾಳುವೆ. ಗೋಡೆಯ ಆಚೆ ಸುನಂದಾ ಕಾಕುವಿನ ಮನೆ. ಅವರು ಜೈನರು. ಚಾತುರ್ಮಾಸ ಬಿಟ್ಟರೆ ಉಳ್ಳಾಗಡ್ಡಿ ನಡೆಯುತ್ತಿತ್ತು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಗೋಡೆಯ ಸಂದಿಯಿಂದ ಕಾಕುವಿನ ಮಗಳು ಪ್ರಾಚಿ ದಿನಕ್ಕೆ ಹತ್ತು ಸಲ ನಮ್ಮಲ್ಲಿಗೆ ನುಸುಳುತ್ತಿದ್ದಳು. ನಾವಿಬ್ಬರೂ ಐದನೇ ಇಯತ್ತೆ.

ಒಂದು ದಿನ ಅಪ್ಪ ನಿಪ್ಪಾಣಿಯಿಂದ ಪಾಸ್ತಾ ಪ್ಯಾಕೆಟ್ ತಂದ. ಕೋಳಿ, ಟೊಮೆಟೊ, ಪಾಸ್ತಾ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸುವುದನ್ನು ಅವ್ವ ಮೊಬೈಲಿನಲ್ಲಿ ನೋಡಿದ್ದಳು. ಪ್ರಾಚಿ ಗೋಡೆಯ ಬಳಿ ನಿಂತು, "ನನಗೂ ಬೇಕ್ರಿ ಮಾವಶಿ" ಎಂದಳು.

"ನಿನಗ ಬ್ಯಾರೆ ತಗೀತೀನ ತಡಿಯವ್ವಾ," ಎಂದ ಅವ್ವ ಅಡುಗೆಯನ್ನೇ ತಿರುವುಮುರುವು ಮಾಡಿದಳು. ಕೋಳಿಯನ್ನು ಹಿತ್ತಲ ಒಲೆಯ ಮೇಲೇ ಒಂದು ಹಳೆಯ ಮಡಕೆಯಲ್ಲಿ ಬೇರೆ ಕುದಿಸಿಟ್ಟಳು. ಬೋಗಾಣಿಯಲ್ಲಿ ಮೊದಲು ಬರೀ ಪಾಸ್ತಾ, ಟೊಮೆಟೊ, ನಮ್ಮ ಮಸಾಲೆ ಖಾರ. ಹೊತ್ತು ಮುಳುಗುವ ಮೊದಲೇ ಪ್ರಾಚಿಗೆ ತಾಟು ತುಂಬ ಬಡಿಸಿದಳು. ಅವಳು ಉಸ್ ಉಸ್ ಎನ್ನುತ್ತ ತಿಂದು, ಬೆರಳು ನೆಕ್ಕಿ ಮನೆಗೆ ಓಡಿದಳು.

ಆಮೇಲೆ ಕೋಳಿ ಸುರುವಿದ ಅವ್ವನ ಕೈ ಅಲ್ಲೇ ನಿಂತಿತು. "ಅಯ್ಯ ನನ ಶಿವನ! ಇದು ಖಂಡದ ಬೋಗಾಣಿ ಅಲ್ಲೇನ?" ಮೊದಲು ಯಾವುದು, ಆಮೇಲೆ ಯಾವುದು ಎಂಬ ಚಿಂತೆಯಲ್ಲಿ ಪಾತ್ರೆಯನ್ನೇ ಮರೆತಿದ್ದಳು. ರೂಢಿಯಂತೆ ಕೈ ಮೊಳೆಗೆ ಹೋಗಿತ್ತು.

ಮುಚ್ಚಿಡಬಹುದಿತ್ತು. ಅವ್ವ ನೆಟ್ಟಗೆ ಸಂದಿ ದಾಟಿ ಹೋದಳು, ಹಿಂದೆ ನಾನು. ಎಲ್ಲ ಹೇಳಿ, "ತಪ್ಪಾತು ಸುನಂದಾ" ಎಂದು ಕಾಕುವಿನ ಕೈ ಹಿಡಿದಳು. ಒಳಗೆ ಪ್ರಾಚಿ ಜೋರಾಗಿ ಮಗ್ಗಿ ಹೇಳುತ್ತಿದ್ದಳು.

"ತಿಕ್ಕಿದ್ದಿ ಅಲಾ?" ಕಾಕು ಕೇಳಿದಳು.

"ಬೂದಿ ಹಚ್ಚಿ ತಿಕ್ಕಿದ್ದೆ. ಆದ್ರೂ..."

"ಹುಡುಗಿಗಿ ಮಾತ್ರ ಹೇಳಬ್ಯಾಡ. ಆಕಿ ತಿಳೀದ ತಿಂದಾಳ. ತಿಳದಾಕಿ ನಾನು, ನಾ ನೋಡ್ಕೋತೀನಿ." ಹೇಳುವುದಿಲ್ಲವೆಂದು ಅವ್ವ ಮಾತು ಕೊಟ್ಟಳು, ನಾನೂ ಕೊಟ್ಟೆ.

ಮರುದಿನ ಕಾಕು ನಿರಾಹಾರ ಉಪವಾಸ ಮಾಡಿದಳು, ಹನಿ ನೀರೂ ಇಲ್ಲ. ಒಣ ತುಟಿಯಲ್ಲೇ ಅಂಗಳ ಗುಡಿಸುತ್ತಿದ್ದಳು. ಪ್ರಾಚಿ "ಇವತ್ತ ಯಾವ ತಿಥಿ?" ಎಂದರೆ ಏನೋ ಹೇಳಿ ಸಾಗಹಾಕಿದಳು. ಈಚೆ ಅವ್ವ ನಮಗೆ ರೊಟ್ಟಿ ಬಡಿಸಿ ತಾನು ಮುಟ್ಟಲಿಲ್ಲ. ನಾನೋ, ಹಿಂದಿನ ಸಂಜೆಯೇ ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದೆ. ಬಲು ರುಚಿಯಾಗಿತ್ತು. ಇಂದಿಗೂ ನನ್ನನ್ನು ಚುಚ್ಚುವುದು ಅದೇ.

ಕಾಕು ತೀರಿಕೊಂಡು ಮೂರು ವರ್ಷವಾಯಿತು. ಗೋಡೆಯ ಸಂದಿಗೆ ಇಟ್ಟಂಗಿ ಕಟ್ಟಿದ್ದಾರೆ. ಪ್ರಾಚಿ ಈಗ ಸಾಂಗಲಿಯ ಸೊಸೆ. ಮೊನ್ನೆ ಥಂಡಿ ಬಿದ್ದ ದಿನ ಅವ್ವನಿಗೆ ಅವಳ ಫೋನ್ ಬಂತು.

"ಮಾವಶಿ, ಎಷ್ಟ ಮಾಡಿದ್ರೂ ನಿಮ್ಮ ಆ ಪಾಸ್ತಾದ ರುಚಿ ಬರವಲ್ದು. ಏನ ಹಾಕಿದ್ರಿ ಅದಕ್ಕ?"

ಅವ್ವ ನನ್ನ ಮುಖ ನೋಡಿದಳು. "ಏನಿಲ್ಲವ್ವಾ, ಒಲಿ ಹೊಗಿ ಇರಬೇಕು."

"ಹಂಗಾದ್ರ ಸಂಕ್ರಾಂತಿಗಿ ಬರ್ತೀನಿ. ಅದ ಒಲಿ ಮ್ಯಾಲ ಮಾಡಿಕೊಡ್ರಿ."

ಹೇಳಿಬಿಡೋಣವೆಂದರೆ ಕಾಕುವಿಗೆ ಕೊಟ್ಟ ಮಾತಿದೆ. ಆ ಮಾತಿನಿಂದ ನಮ್ಮನ್ನು ಬಿಡಿಸಬಲ್ಲವಳು ಅವಳೊಬ್ಬಳೇ ಇದ್ದಳು. ಅವ್ವ ನಿನ್ನೆ ಸಂತೆಗೆ ಹೋಗಿ ಪ್ರಾಚಿಗೆಂದೇ ಹೊಸ ಬೋಗಾಣಿ ತಂದು ಅಡುಗೆಮನೆಯ ಒಳಗಿಟ್ಟಿದ್ದಾಳೆ. ಅದರಲ್ಲಿ ಆ ರುಚಿ ಬರುವುದಿಲ್ಲ. ಅವ್ವನಿಗೂ ಗೊತ್ತು, ನನಗೂ ಗೊತ್ತು.