ಸುಗುಣಾಳ ಮರದ ಚರ್ಚು

2014ರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಅಮೆರಿಕದ ಸಿಯಾಟಲ್ ಬಳಿಯ ಬಾಥೆಲ್‌ನಿಂದ ಹೊರಟೆವು. ಕಾರು ಓಡಿಸುತ್ತಿದ್ದವಳು ನನ್ನ ತಂಗಿಯ ಮಗಳು ಅಶ್ವಿನಿ. ಸಿಯಾಟಲ್ ಬಂದರಿನಲ್ಲಿ ಕಾರಿನ ಸಮೇತ ಫೆರಿ ಹತ್ತಿದರೆ ನಾವು ಹೊರಟಿದ್ದ ದ್ವೀಪಕ್ಕೆ ಅರ್ಧ ಗಂಟೆ. ಜಿನುಗು ಮಳೆ, ಎದುರುಗಾಳಿ.

"ದೊಡ್ಡಮ್ಮ, ಊರಿಂದ ಬಂದೋರೆಲ್ಲ ಜಲಪಾತ ತೋರ್ಸು ಅಂತಾರೆ. ನೀವ್ಯಾಕೆ ಚರ್ಚ್‌ಗೆ ಹೊರಟಿದೀರಾ?"

ಸುಗುಣಾಳಿಗಾಗಿ ಎಂದೆ. ಧಾರವಾಡದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಪಾದ್ರಿಗಳ ಮಗಳಾದ ಅವಳು ನರ್ಸ್ ಆಗಿ ಇಲ್ಲಿಗೆ ಬಂದು ನೆಲೆಸಿದಳು. ಮೂವತ್ತು ವರ್ಷ ಬರೆದ ಪತ್ರಗಳಲ್ಲೆಲ್ಲ ಈ ಪುಟ್ಟ ಆಂಗ್ಲಿಕನ್ ಚರ್ಚಿನ ಸುದ್ದಿ ಇರುತ್ತಿತ್ತು. ಎರಡು ವರ್ಷದಿಂದ ಪತ್ರವಿಲ್ಲ, ಫೋನಿಗೂ ಉತ್ತರವಿಲ್ಲ.

ದೇವದಾರು ಮರಗಳ ನಡುವೆ ನಿಂತ ಆ ಚರ್ಚು ನಮ್ಮ ಶಾಲೆಯ ಒಂದು ಕೋಣೆಗಿಂತ ದೊಡ್ಡದಲ್ಲ. ಕಲ್ಲಿಲ್ಲ, ಗಾರೆಯಿಲ್ಲ, ಗೋಡೆ, ಮಾಡು ಎಲ್ಲ ಮರದ್ದೇ. ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಎಂಬ ಹಿರಿಯರು ಬಾಗಿಲು ತೆರೆದರು.

"ಕಟ್ಟಿದವರು ಹಡಗಿನ ಬಡಗಿಗಳು. ಅವರಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ," ಎಂದು ಮೇಲೆ ತೋರಿಸಿದರು. ಮಾಡಿನ ಒಳಮೈ ಬೋರಲು ಹಾಕಿದ ದೋಣಿಯಂತೆ ಬಾಗಿತ್ತು. ಪೂರ್ವದ ಗೋಡೆಯ ಬಣ್ಣದ ಗಾಜಿನ ಕಿಟಕಿ ಇಂಗ್ಲೆಂಡಿನಿಂದ ಬಂದದ್ದಂತೆ. ದಾರಿಯಲ್ಲಿ ಒಂದು ಗಾಜು ಒಡೆದು, ಅಲ್ಲಿ ಸಾದಾ ಗಾಜು ಕೂರಿಸಿದ್ದರು. ಅದರಾಚೆ ಮಳೆಯಲ್ಲಿ ತೋಯುತ್ತಿದ್ದ ಮರ ಕಾಣುತ್ತಿತ್ತು.

ಬೆಂಚುಗಳ ಕೆಳಗೆ, ಪ್ರಾರ್ಥನೆಗೆ ಮಂಡಿಯೂರಲು ಸಣ್ಣ ಮೆತ್ತೆಗಳು. ಅವುಗಳ ಮೇಲೆ ಭಕ್ತರೇ ದಾರದಲ್ಲಿ ಹೊಲಿದ ಮೀನು, ಕುರಿಮರಿ, ಶಿಲುಬೆ. ಮೂರನೆಯ ಸಾಲಿನಲ್ಲಿ ನನ್ನ ಕಾಲು ನಿಂತಿತು. ಅಲ್ಲಿನ ಮೆತ್ತೆಯ ಮೇಲೆ ಗೋಪುರವಿತ್ತು. ಬಟ್ಟೆಯ ಎಳೆ ಎಣಿಸಿ ಹಾಕಿದ ಹೊಲಿಗೆ. ನಮ್ಮ ಧಾರವಾಡದ ಕಸೂತಿ!

"ಸುಗುಣಾ?" ಎಂದೆ.

ಎಡ್ವರ್ಡ್ ಹೌದೆಂದು ತಲೆಯಾಡಿಸಿದರು. "ಮರೆವಿನ ಕಾಯಿಲೆ ಬಂತು. ಮಗಳು ಕ್ಯಾಲಿಫೋರ್ನಿಯಾಕ್ಕೆ ಕರೆದುಕೊಂಡು ಹೋದಳು. ಇಲ್ಲಿದ್ದ ಕೊನೆಯ ದಿನಗಳಲ್ಲಿ ಇಂಗ್ಲಿಷ್ ಪೂರ್ತಿ ಹೋಗಿತ್ತು. ನಿಮ್ಮ ಭಾಷೆಯಲ್ಲಿ ಏನೇನೋ ಕೇಳುತ್ತಿದ್ದರು. ನಾವು ಹೂಂ ಹೂಂ ಅನ್ನುತ್ತಿದ್ದೆವು."

ಅವರೇ ಸುಗುಣಾಳ ಮಗಳಿಗೆ ಫೋನು ಹಚ್ಚಿ ವಿಷಯ ತಿಳಿಸಿ, ನನ್ನ ಕೈಗೆ ಕೊಟ್ಟರು. ಮಗಳು ಫೋನನ್ನು ತಾಯಿಯ ಕಿವಿಗೆ ಹಿಡಿದಳು.

"ಸುಗುಣಾ, ನಾ ಶಾಂತಾ ಮಾತಾಡಾಕತ್ತೀನಿ."

ಅದೇ ಹಳೆಯ ಧ್ವನಿ, ಕೊಂಚ ನಡುಗುತ್ತ: "ಶಾಂತಾ ಸಾಲಿಗೆ ಹೋಗ್ಯಾಳ್ರೀ. ಸಂಜಿಗೆ ಬರ್ತಾಳ. ಕುಂದರ್ರಿ."

ಅವಳಿಗೆ ಮತ್ತೆ ನನ್ನ ಹೆಸರು ಹೇಳಬೇಕೆನಿಸಲಿಲ್ಲ.

"ಆತವಾ," ಎಂದೆ. "ಕುಂದರ್ತೀನಿ."

ಫೋನು ಎಡ್ವರ್ಡ್ ಕೈಗೆ ಕೊಟ್ಟು ಮೂರನೆಯ ಸಾಲಿನಲ್ಲಿ ಕುಳಿತೆ. ಅಶ್ವಿನಿ ಗಡಿಯಾರ ನೋಡಿದಳು, ಪಕ್ಕಕ್ಕೆ ಬಂದು ಕೂತಳು. ಮಧ್ಯಾಹ್ನದ ಫೆರಿ ನಮ್ಮನ್ನು ಬಿಟ್ಟು ಹೋಯಿತು. ಸಂಜೆಯದಕ್ಕೆ ಹತ್ತಿದೆವು.